ರೇಸ್ ಕಾರುಗಳು ಡಿಕ್ಕಿಯಾದಾಗ ತಪ್ಪು ಯಾರದು?

ಪ್ರಶ್ನೆ: ಫಾರ್ಮುಲಾ ಒನ್‌ನಲ್ಲಿ ಸ್ಥಾನಕ್ಕಾಗಿ ಸೆಣಸುವ ಎರಡು ಕಾರುಗಳು ತಗುಲಿದರೆ ಒಮ್ಮೆ ಹಿಂದಿನಿಂದ ಬಂದವನಿಗೆ ದಂಡ, ಇನ್ನೊಮ್ಮೆ ಮುಂದಿದ್ದವನಿಗೆ. ಇದಕ್ಕೆ ಅಳತೆಗೋಲು ಏನು?

ಉತ್ತರ: ತಗುಲಿದ ಕ್ಷಣಕ್ಕಿಂತ ಅದಕ್ಕೆ ಮೊದಲಿನ ಒಂದೆರಡು ಸೆಕೆಂಡು ಮುಖ್ಯ. ಕಾರು ತಿರುವಿನ ಒಳ ಅಂಚಿಗೆ ಅತಿ ಹತ್ತಿರ ಬರುವ ಜಾಗಕ್ಕೆ ಅಪೆಕ್ಸ್ ಎನ್ನುತ್ತಾರೆ. ಅಲ್ಲಿ ಯಾರ ಕಾರು ಎಲ್ಲಿತ್ತು ಎಂಬುದೇ ಮೊದಲ ಪರೀಕ್ಷೆ.

2025ರ ಮಾರ್ಗಸೂಚಿಯ ಪ್ರಕಾರ, ಒಳಬದಿಯಿಂದ ನುಗ್ಗುವವನ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) ಅಪೆಕ್ಸ್‌ಗೆ ಮುಂಚೆಯೂ ಅಪೆಕ್ಸ್‌ನಲ್ಲಿಯೂ ಎದುರಾಳಿಯ ಕನ್ನಡಿಯ ಸಾಲಿಗಾದರೂ ಬಂದಿರಬೇಕು. ಹೊರಬದಿಯಿಂದ ಹೋಗುವವನಿಗೆ ಷರತ್ತು ಇನ್ನೂ ಬಿಗಿ: ಅಪೆಕ್ಸ್‌ನಲ್ಲಿ ಅವನ ಮುಂದಿನ ಆಕ್ಸಲ್ ಎದುರಾಳಿಯ ಮುಂದಿನ ಆಕ್ಸಲ್‌ಗಿಂತ ಮುಂದಿರಬೇಕು. ಇಷ್ಟಿದ್ದರೆ ಮಾತ್ರ ಜಾಗ ಕೇಳುವ ಹಕ್ಕು.

ಆದರೆ ಅಪೆಕ್ಸ್‌ಗೆ ಮೊದಲು ಮುಟ್ಟುವುದು ಕಷ್ಟವೇನಲ್ಲ. ಬ್ರೇಕ್ ತಡವಾಗಿ ಒತ್ತಿದರೆ ಯಾರಾದರೂ ಮುಟ್ಟಬಹುದು. ಆಮೇಲೆ ಕಾರು ತಿರುಗದೆ ನೇರ ಜಾರಿ ಎದುರಾಳಿಗೆ ಬಡಿಯುತ್ತದೆ. ಅದಕ್ಕಾಗಿಯೇ ಕಾರು ಹತೋಟಿಯಲ್ಲಿತ್ತೇ, ಟ್ರ್ಯಾಕಿನ ಗೆರೆಯೊಳಗೇ ತಿರುವು ಮುಗಿಸಬಹುದಿತ್ತೇ ಎಂದೂ ನೋಡುತ್ತಾರೆ. ನನ್ನ ಪ್ರಕಾರ ಆಕ್ಸಲ್ ಲೆಕ್ಕಕ್ಕಿಂತ ಇದೇ ಹೆಚ್ಚು ನ್ಯಾಯದ ಪರೀಕ್ಷೆ. ಮುಂದಿದ್ದವನು ಬ್ರೇಕ್ ಒತ್ತಿದ ಮೇಲೆ ದಿಕ್ಕು ಬದಲಿಸಿದರೆ ತಪ್ಪು ಅವನ ಕಡೆ ವಾಲುತ್ತದೆ, ಏಕೆಂದರೆ ಆ ಹೊತ್ತಿಗೆ ಹಿಂದಿನವನು ತಪ್ಪಿಸಿಕೊಳ್ಳಲಾರ.

ಟಿವಿಯಲ್ಲಿ ನೋಡುವಾಗ ದೂರದ ಜೂಮ್ ದೃಶ್ಯವನ್ನು ನಂಬಬೇಡಿ; ಅದರಲ್ಲಿ ಹಿಂದೆ ಮುಂದೆ ಇರುವ ಕಾರುಗಳು ಅಂಟಿಕೊಂಡಂತೆ ಕಾಣುತ್ತವೆ. ಹೆಲಿಕಾಪ್ಟರ್ ದೃಶ್ಯದಲ್ಲಿ ಪಕ್ಕದ ಅಂತರ ನೋಡಿ, ಕಾರಿನ ಮೇಲಿನ ಕ್ಯಾಮೆರಾದ ಆನ್‌ಬೋರ್ಡ್ ದೃಶ್ಯದಲ್ಲಿ ಸ್ಟೀರಿಂಗ್ ಮೇಲಿನ ಕೈ ನೋಡಿ. ತೀರ್ಪು ಕೊಡುವ ಅಧಿಕಾರಿಗಳಾದ ಸ್ಟೀವರ್ಡ್‌ಗಳಿಗೆ ಇವುಗಳ ಜೊತೆಗೆ ಬ್ರೇಕ್, ಸ್ಟೀರಿಂಗ್, ವೇಗದ ಟೆಲಿಮೆಟ್ರಿಯೂ (ಕಾರಿನಿಂದ ಬರುವ ಅಂಕಿಅಂಶ) ಸಿಗುತ್ತದೆ.

ಪ್ರಶ್ನೆ: 2021ರ ಸಿಲ್ವರ್‌ಸ್ಟೋನ್ ರೇಸಿನಲ್ಲಿ ಹ್ಯಾಮಿಲ್ಟನ್ ಕಾರು ತಗುಲಿ ವರ್ಸ್ಟಾಪನ್ ಗೋಡೆಗೆ ಬಡಿದು ಹೊರಬಿದ್ದರು. ಹ್ಯಾಮಿಲ್ಟನ್‌ಗೆ ಬರೀ 10 ಸೆಕೆಂಡು ದಂಡ, ಗೆದ್ದದ್ದೂ ಅವರೇ. ಇದು ಸರಿಯೇ?

ಉತ್ತರ: ಅಳೆದದ್ದು ತಪ್ಪನ್ನು, ಹಾನಿಯನ್ನಲ್ಲ. ಕಾಪ್ಸ್ ತಿರುವಿನಲ್ಲಿ ಒಳಗೆ ಜಾಗವಿದ್ದರೂ ಹ್ಯಾಮಿಲ್ಟನ್ ಅಪೆಕ್ಸ್ ಮುಟ್ಟುವ ದಾರಿಯಲ್ಲಿರಲಿಲ್ಲ. ಅವರ ಎಡ ಮುಂಚಕ್ರ ವರ್ಸ್ಟಾಪನ್‌ರ ಬಲ ಹಿಂಚಕ್ರಕ್ಕೆ ತಗುಲಿತು. ತಪ್ಪು ‘ಬಹುಪಾಲು’ ಹ್ಯಾಮಿಲ್ಟನ್‌ರದು ಎಂದು ತೀರ್ಪಾಯಿತು, ‘ಪೂರ್ತಿ’ ಎಂದಲ್ಲ. ಅದೇ ತಗುಲುವಿಕೆ ನಿಧಾನದ ತಿರುವಿನಲ್ಲಾಗಿದ್ದರೆ ಕಾರು ಗಿರಕಿ ಹೊಡೆದು ನಿಲ್ಲುತ್ತಿತ್ತು, ಅಷ್ಟೆ. ಗೋಡೆ ಎಷ್ಟು ಹತ್ತಿರವಿದೆ ಎಂಬುದರ ಮೇಲೆ ದಂಡ ಏರಿಳಿದರೆ ಯಾವ ಚಾಲಕನಿಗೂ ನಿಯಮ ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಈ ಪದ್ಧತಿ ಸರಿ ಎಂದೇ ನನ್ನ ಅಭಿಪ್ರಾಯ, ನೋಡುವವರಿಗೆ ಎಷ್ಟೇ ಕಹಿಯಾದರೂ.

ಪ್ರಶ್ನೆ: ತಪ್ಪು ಮಾಡಿದವನೇ ರೇಸಿನಿಂದ ಹೊರಬಿದ್ದರೆ ದಂಡ ಹೇಗೆ?

ಉತ್ತರ: ಮುಂದಿನ ರೇಸಿನ ಗ್ರಿಡ್‌ನಲ್ಲಿ, ಅಂದರೆ ಆರಂಭದ ಸಾಲಿನಲ್ಲಿ, ಹಿಂದಕ್ಕೆ ತಳ್ಳಬಹುದು. 2021ರ ಮೊಂಜಾ ರೇಸಿನಲ್ಲಿ ಇದೇ ಇಬ್ಬರೂ ತಗುಲಿ ಹೊರಬಿದ್ದಾಗ ವರ್ಸ್ಟಾಪನ್‌ಗೆ 3 ಸ್ಥಾನದ ಗ್ರಿಡ್ ದಂಡವೂ 2 ಪೆನಾಲ್ಟಿ ಅಂಕವೂ ಬಿದ್ದವು. 12 ತಿಂಗಳಲ್ಲಿ ಇಂಥ 12 ಅಂಕ ಸೇರಿದರೆ ಒಂದು ರೇಸ್ ನಿಷೇಧ. 2024ರಲ್ಲಿ ಚಾಲಕ ಮ್ಯಾಗ್ನುಸನ್ ಹೀಗೆಯೇ ಬಾಕು ರೇಸ್ ಕಳೆದುಕೊಂಡರು.