ಗಂಜಿ ಕೇಳಿದರೆ ಥರ್ಮಾಮೀಟರ್ ಬಂತು

ಪ್ರಶ್ನೆ: ಮಣಿಪಾಲದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಬರುವ ತಿಂಗಳು ಆರು ವಾರಗಳ ಕೆಲಸಕ್ಕೆ ಜಪಾನಿನ ನಗೋಯಾಕ್ಕೆ ಕಳುಹಿಸುತ್ತಿದ್ದಾರೆ. ನಾನು ಮೀನು, ಮಾಂಸ, ಮೊಟ್ಟೆ ಯಾವುದನ್ನೂ ತಿನ್ನುವವನಲ್ಲ. ಅಲ್ಲಿಗೆ ತಲುಪಿದ ರಾತ್ರಿಯೇ ಅಲ್ಲಿಯವರು ಸ್ವಾಗತದ ಊಟ ಇಟ್ಟುಕೊಂಡಿದ್ದಾರಂತೆ. ಬಡಿಸಿದ್ದನ್ನು ಮುಟ್ಟದೆ ಕುಳಿತರೆ ಅವಮಾನ ಮಾಡಿದಂತಾಗುವುದಿಲ್ಲವೇ? ತಾವು ಅಲ್ಲಿ ಇದ್ದು ಬಂದವರು, ಏನು ಮಾಡಿದಿರಿ?
– ಹೆಸರು ಬೇಡ, ಕುಂಜಿಬೆಟ್ಟು

ಉತ್ತರ: ನಾನು ಮಾಡಿದ್ದನ್ನು ನೀವು ಮಾಡಬೇಡಿ. 2006ರಲ್ಲಿ ಬೈಕಂಪಾಡಿಯ ಒಂದು ಕಾರ್ಖಾನೆಯಿಂದ ತರಬೇತಿಗೆಂದು ಅದೇ ನಗೋಯಾಕ್ಕೆ ಹೋದ ನಾಲ್ವರಲ್ಲಿ ನಾನೊಬ್ಬಳೇ ಹೆಂಗಸು, ನಾನೊಬ್ಬಳೇ ಸಸ್ಯಾಹಾರಿ. ಕ್ಯಾಂಟೀನಿನಲ್ಲಿ ಕಲಿತ ಒಂದೇ ಮಾತು ಹೇಳಿದೆ: ‘ನಿಕು’ ಬೇಡ. ನಿಕು ಎಂದರೆ ಮಾಂಸ. ಅವರು ತಲೆಬಾಗಿಸಿ ಅನ್ನ, ಸೋಯಾ ಪನೀರಿನಂಥ ತೋಫು, ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟಿನ ಸಾರು ಕೊಟ್ಟರು. ಆ ಸೀಮೆಯ ಮಿಸೊ ಕಡು ಕಂದು, ನಮ್ಮ ಹುರುಳಿ ಸಾರಿನದೇ ಬಣ್ಣ. ನಾಲ್ಕು ದಿನ ಬಟ್ಟಲೆತ್ತಿ ಸೊರಸೊರ ಕುಡಿದೆ. ಐದನೆಯ ದಿನ, ಇಷ್ಟೊಂದು ಮೆಚ್ಚಿದವಳಿಗೆ ಗುಟ್ಟು ಹೇಳಿಕೊಡಬೇಕೆಂದು ಅಡುಗೆಯವರು ಒಳಗೆ ಕರೆದು ಒಂದು ತುಂಡನ್ನು ಕೈಗಿತ್ತರು. ಒಣಕಟ್ಟಿಗೆ ಎಂದುಕೊಂಡೆ. ಬಡಗಿಯ ಕೀಸುಳಿಯಂಥದ್ದರ ಮೇಲೆ ಅದನ್ನು ಉಜ್ಜಿದಾಗ ಗುಲಾಬಿ ಬಣ್ಣದ ತೆಳ್ಳನೆಯ ಹೆರಕಲು ಉದುರಿತು. ಬಿಸಿ ಅನ್ನದ ಮೇಲೆ ಹಾಕಿದರೆ ಹಬೆಗೆ ಜೀವ ಬಂದಂತೆ ಅಲುಗಾಡಿತು. ಅದು ಕತ್ಸುವೊಬುಶಿ. ಟ್ಯೂನಾ ಬಳಗದ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ ಮರದಂತೆ ಗಟ್ಟಿ ಮಾಡಿದ್ದು. ಅದರಿಂದ ಇಳಿಸಿದ ನೀರೇ ‘ದಾಶಿ’, ಅಲ್ಲಿಯ ಅರ್ಧಕ್ಕರ್ಧ ಅಡುಗೆಯ ಬುಡ.

ಈ ವಿಷಯವನ್ನು ನಮ್ಮ ಅತ್ತೆಗೆ ಇಂದಿಗೂ ಹೇಳಿಲ್ಲ. ಅವರು ಈ ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುತ್ತಾರೆ. ಈ ಸಂಚಿಕೆಯನ್ನು ಅಡಗಿಸಿಡಬೇಕು.

ಅವರು ಮೋಸ ಮಾಡಲಿಲ್ಲ. ಮಾಂಸ ಬೇಡವೆಂದೆ, ಹಾಕಲಿಲ್ಲ. ಮೀನು ಬೇಡವೆಂದಿದ್ದರೂ ತುಂಡುಗಳನ್ನಷ್ಟೇ ಬಿಡುತ್ತಿದ್ದರೋ ಏನೋ. ಆದ್ದರಿಂದ ‘ಸಸ್ಯಾಹಾರಿ’ ಎಂಬ ಒಂದೇ ಪದವನ್ನು ನಂಬಿಕೊಂಡು ಹೋಗಬೇಡಿ. ‘ನಿಕು, ಸಕಾನಾ, ತಮಾಗೊ, ಕತ್ಸುವೊ ದಾಶಿ ತಾಬೆರಾರೆಮಾಸೆನ್’ ಎಂದು ಅವರ ಲಿಪಿಯಲ್ಲಿ ಬರೆಸಿ ಜೇಬಿನಲ್ಲಿಡಿ: ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ತಿನ್ನಲಾರೆ. ತರಕಾರಿಯ ತೆಂಪುರಾವನ್ನು ಬಜ್ಜಿಯೆಂದು ನಂಬಬೇಡಿ, ಹಿಟ್ಟಿಗೆ ಮೊಟ್ಟೆ ಕಲಸಿರುತ್ತಾರೆ. ‘ಶೋಜಿನ್’ ಎಂಬ ಮಾತನ್ನೂ ಕಲಿಯಿರಿ. ಅದು ಬೌದ್ಧ ಮಠಗಳ ಅಡುಗೆ. ‘ಕೊಂಬು’ ಎಂಬ ಸಮುದ್ರದ ಪಾಚಿಯಿಂದಲೂ ಒಣ ಅಣಬೆಯಿಂದಲೂ ದಾಶಿ ಮಾಡುತ್ತಾರೆ, ಈರುಳ್ಳಿ ಬೆಳ್ಳುಳ್ಳಿ ಸಹ ಹಾಕುವುದಿಲ್ಲ. ಉಡುಪಿ ರಥಬೀದಿಯ ಯಾವ ಮಠದ ಬಾಣಸಿಗರೂ ಒಪ್ಪುವಂಥ ಕಟ್ಟುನಿಟ್ಟು.

ಸ್ವಾಗತದ ಊಟದ ಬಗ್ಗೆ ಇವತ್ತೇ ಪತ್ರ ಬರೆಯಿರಿ. ಅಂಥ ಊಟಕ್ಕೆ ತಲೆ ಎಣಿಸಿ ಮೊದಲೇ ಅಡುಗೆ ಗೊತ್ತುಮಾಡುತ್ತಾರೆ. ಎಲೆಯ ಮುಂದೆ ಕುಳಿತು ಬೇಡವೆಂದರೆ ನಿಮಗಿಂತ ಹೆಚ್ಚು ಬೆವರುವುದು ಕರೆದವರು. ಮೊದಲೇ ತಿಳಿಸಿದರೆ ಅವರು ಅದನ್ನೊಂದು ಕೆಲಸವೆಂದೇ ಹಚ್ಚಿಕೊಂಡು ಮಾಡುತ್ತಾರೆ.

ನನಗೆ ಮೀನಿನ ನೀರಿಗಿಂತ ದೊಡ್ಡ ಆಘಾತ ಕೊಟ್ಟದ್ದು ‘ನಬೆ’. ಮೇಜಿನ ನಡುವೆ ಒಲೆ, ಅದರ ಮೇಲೆ ಒಂದೇ ಪಾತ್ರೆ, ಸುತ್ತ ಕುಳಿತವರ ಊಟದ ಕಡ್ಡಿಗಳೆಲ್ಲ ಅದರೊಳಗೆ! ಎಂಜಲು, ಮುಸುರೆ ಎಂದು ಬೈಸಿಕೊಂಡೇ ಬೆಳೆದವಳು ನಾನು. ‘ತೊರಿಬಾಶಿ’ ಕೇಳಿ, ಬಡಿಸಿಕೊಳ್ಳಲು ಬೇರೆ ಕಡ್ಡಿ ತಂದುಕೊಡುತ್ತಾರೆ. ಹಾಗೆಂದು ಅವರಿಗೆ ಮಡಿ ಇಲ್ಲ ಎಂದುಕೊಳ್ಳಬೇಡಿ. ಶೌಚಾಲಯಕ್ಕೆ ಬೇರೆಯೇ ಚಪ್ಪಲಿ ಇಟ್ಟಿರುತ್ತಾರೆ, ಅದನ್ನು ಮೆಟ್ಟಿಕೊಂಡು ಹೊರಗೆ ಬಂದಿರೋ ಮಾನ ಹೋಯಿತು. ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಅದು ಸತ್ತವರ ಮುಂದೆ ಇಡುವ ಅನ್ನ. ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸಬಾರದು, ದಹನದ ನಂತರ ಮನೆಯವರು ಅಸ್ಥಿಯನ್ನು ಎತ್ತುವುದು ಹಾಗೆ. ಪಿಂಡ, ಅಸ್ಥಿಸಂಚಯನ ಕಂಡ ನಮಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ.

ಬೆಳಗಿನ ಚಿಂತೆ ಬಿಡಿ. ನಗೋಯಾದ ಕಾಫಿ ಅಂಗಡಿಗಳಲ್ಲಿ ಬೆಳಿಗ್ಗೆ ಕಾಫಿ ಹೇಳಿದರೆ ಟೋಸ್ಟ್ ಅದರ ಜೊತೆಗೇ ಬರುತ್ತದೆ. ಬೇಯಿಸಿದ ಮೊಟ್ಟೆಯನ್ನು ಬೇಡವೆನ್ನಿ. ಒಗುರಾ ಟೋಸ್ಟ್ ಸಿಕ್ಕಿದರೆ ಬಿಡಬೇಡಿ: ಬ್ರೆಡ್ಡಿಗೆ ಬೆಣ್ಣೆ, ಬೆಣ್ಣೆಯ ಮೇಲೆ ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣ. ಅಜುಕಿ ನಮ್ಮ ಅಲಸಂಡೆಯ ದಾಯಾದಿ. ಹೋಳಿಗೆಯ ಕಣಕ ತಪ್ಪಿ ಹೂರಣ ಬ್ರೆಡ್ಡಿನ ಮೇಲೆ ಕುಳಿತಂತೆ ಕಂಡು ನಾನು ನಕ್ಕಿದ್ದೆ. ಆಮೇಲೆ ವಾರಕ್ಕೆ ಮೂರು ಬಾರಿ ತಿಂದೆ.

ರಾತ್ರಿಗೆ ‘ಒಕಾಯು’, ಅಂದರೆ ಗಂಜಿ. ಕುಚ್ಚಲಕ್ಕಿಯದಲ್ಲ, ಬಿಳಿಯದು. ಜೊತೆಗೆ ಉಮೆಬೊಶಿ, ಉಪ್ಪಿನಲ್ಲಿಟ್ಟ ಹುಳಿಹಣ್ಣು; ಕಣ್ಣು ಮುಚ್ಚಿದರೆ ಮಿಡಿ ಉಪ್ಪಿನಕಾಯಿ. ಹಾಸ್ಟೆಲಿನ ಅಡುಗೆಯವರಿಗೆ ಹೇಳಿ ಒಂದು ವಾರ ಅದನ್ನೇ ಉಂಡೆ. ಎಂಟನೆಯ ದಿನ ಬಟ್ಟಲಿನ ಪಕ್ಕ ಥರ್ಮಾಮೀಟರ್ ಇತ್ತು, ಬಾಗಿಲಲ್ಲಿ ಮೇಲ್ವಿಚಾರಕರು ನಿಂತಿದ್ದರು. ಅಲ್ಲಿ ಗಂಜಿ ಉಣ್ಣುವುದು ಹೆಚ್ಚಾಗಿ ಕಾಯಿಲೆಯವರು! ನಮ್ಮೂರಿನಲ್ಲಿ ಗಟ್ಟಿಮುಟ್ಟಾದವರೇ ಗಂಜಿ ಉಂಡು ಗದ್ದೆಗೆ ಇಳಿಯುತ್ತಾರೆ ಎಂದು ಕೈಸನ್ನೆಯಲ್ಲಿ ತಿಳಿಸಲು ಅರ್ಧ ಗಂಟೆ ಹಿಡಿಯಿತು. ಜ್ವರ ನೋಡದೆ ಮಾತ್ರ ಬಿಡಲಿಲ್ಲ.

ಪ್ರಶ್ನೆ: ನಾವು ಮೀನು ತಿನ್ನುವವರು, ಜಪಾನ್ ಎಂದಾಗ ಖುಷಿಯಾಗಿತ್ತು. ಈಗ ಹಸಿ ಮೀನು ತಿನ್ನಬೇಕಲ್ಲ ಎಂದು ಹೆದರಿಕೆ.
– ಓದುಗ, ಮಲ್ಪೆ

ಉತ್ತರ: ಯಾರೂ ಬಾಯಿಗೆ ತುರುಕುವುದಿಲ್ಲ. ‘ಸಬಾ ಶಿಯೊಯಾಕಿ’ ಎನ್ನಿ. ಸಬಾ ಬಂಗುಡೆಯ ನೆಂಟ, ಉಪ್ಪು ಸವರಿ ಸುಟ್ಟು ಕೊಡುತ್ತಾರೆ. ನನ್ನೊಂದಿಗೆ ಬಂದಿದ್ದ ಉಳ್ಳಾಲದ ಸಹೋದ್ಯೋಗಿ ಅದನ್ನು ದಿನವೂ ತಿನ್ನುತ್ತಿದ್ದರು, ದಿನವೂ ನಿಟ್ಟುಸಿರು ಬಿಡುತ್ತಿದ್ದರು: ಇಷ್ಟು ಒಳ್ಳೆಯ ಮೀನಿಗೆ ಖಾರವಿಲ್ಲ, ಹುಳಿಯಿಲ್ಲ! ಕುಂದಾಪುರದ ಮಸಾಲೆ ಪುಡಿಯ ಸಣ್ಣ ಡಬ್ಬಿ ಜೊತೆಯಲ್ಲಿರಲಿ. ಆದರೆ ಅಡುಗೆಯವರ ಕಣ್ಣೆದುರು ಉದುರಿಸಬೇಡಿ.

ಪ್ರಶ್ನೆ: ಮಗ ಒಂದು ವರ್ಷಕ್ಕೆ ಜಪಾನಿಗೆ ಹೋಗುತ್ತಿದ್ದಾನೆ. ಸಣ್ಣ ರೈಸ್ ಕುಕ್ಕರ್, ಕುಚ್ಚಲಕ್ಕಿ, ಕರಿಬೇವು ಕಟ್ಟಿ ಕಳುಹಿಸಬಹುದೇ?
– ಒಬ್ಬ ತಾಯಿ, ಕದ್ರಿ

ಉತ್ತರ: ಕುಕ್ಕರ್ ಬೇಡ ಅಕ್ಕ. ಅಲ್ಲಿಯ ವಿದ್ಯುತ್ 100 ವೋಲ್ಟ್, ನಮ್ಮದು 230. ಇಲ್ಲಿಯ 700 ವ್ಯಾಟ್‌ನ ಕುಕ್ಕರ್ ಅಲ್ಲಿ ಐದರಲ್ಲೊಂದು ಪಾಲು, ಸುಮಾರು 130 ವ್ಯಾಟ್ ಮಾತ್ರ ಕೊಡುತ್ತದೆ. ಅಕ್ಕಿ ನೆನೆಯುತ್ತದೆ, ಬೇಯುವುದಿಲ್ಲ. ಅಲ್ಲಿಯೇ ಕೊಳ್ಳಲಿ. ಹಸಿ ಸೊಪ್ಪು, ಹಣ್ಣು, ಅಕ್ಕಿ ಇವಕ್ಕೆಲ್ಲ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿಯೇ ತೆಗೆದಿಡುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ ಕಟ್ಟಿಕೊಡಿ. ವರ್ಷ ಕಳೆದು ಬರುವಾಗ ಅಲ್ಲಿಯ ಕುಕ್ಕರನ್ನು ಅಲ್ಲಿಯೇ ಯಾರಿಗಾದರೂ ಕೊಟ್ಟು ಬರಲಿ. ಅದನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಯಾರ ಮನೆಯಲ್ಲಿ ಸುಟ್ಟಿತು ಎಂದು ಕೇಳಬೇಡಿ, ಅತ್ತೆ ಓದುತ್ತಾರೆ.