ಹಳೆ ನೋಟು, ಹಳೆ ಚೆಕ್ಕು: ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಒಂದಷ್ಟು ಹಳೆ ನೋಟು ಸಿಕ್ಕಿವೆ. ಹೆಚ್ಚು ಕಡಿಮೆ ಎಲ್ಲಾ ಉರ್ದು, ಆದ್ರೆ ಒಂದು ಕಡೆ ಸಣ್ಣದಾಗಿ ಕನ್ನಡವೂ ಇದೆ. ಮನೆಯಲ್ಲಿ ಎಲ್ಲರೂ ಪಾಕಿಸ್ತಾನದ್ದು ಅಂತಾರೆ. ನಿಜವಾ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಅಲ್ಲವೇ ಅಲ್ಲ, ಅದು ನಿಮ್ಮ ಸೀಮೆಯದ್ದೇ ದುಡ್ಡು. ಹೈದರಾಬಾದ್ ಸಂಸ್ಥಾನದ ನೋಟು. ಮೊದಲ ಮಹಾಯುದ್ಧದ ಹೊತ್ತಿಗೆ ನಾಣ್ಯಕ್ಕೆ ಬೆಳ್ಳಿ ಸಾಲದೆ ಬಂತು. ಆಗ, 1918ರಲ್ಲಿ, ನಿಜಾಮರ ಸರ್ಕಾರ ಕಾಯ್ದೆ ಮಾಡಿ ತನ್ನದೇ ನೋಟು ತಂದಿತು. ಬೀದರ್, ಕಲಬುರಗಿ, ರಾಯಚೂರು ಎಲ್ಲಾ ಆ ಸಂಸ್ಥಾನದೊಳಗೇ ಇದ್ದವಲ್ಲ, ಅದಕ್ಕೇ ಉರ್ದು, ಇಂಗ್ಲಿಷ್ ಜೊತೆ ತೆಲುಗು, ಮರಾಠಿ, ಕನ್ನಡದಲ್ಲೂ ಅಚ್ಚು ಹಾಕಿಸಿದರು. ಮನೆಯಲ್ಲಿ ತೊಂಬತ್ತು ದಾಟಿದ ಹಿರಿಯರಿದ್ದರೆ ‘ಹಾಲಿ ಸಿಕ್ಕಾ’, ‘ಕಲ್ದಾರ್’ ಅಂತ ಕೇಳಿ ನೋಡಿ. ಹಾಲಿ ಅಂದ್ರೆ ನಿಜಾಮರ ರೂಪಾಯಿ, ಕಲ್ದಾರ್ ಅಂದ್ರೆ ಬ್ರಿಟಿಷರದ್ದು. ಸುಮಾರು 7 ಹಾಲಿ ಕೊಟ್ಟರೆ 6 ಕಲ್ದಾರ್ ಸಿಗುತ್ತಿತ್ತು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ಎರಡೂ ಓಡಾಡಿದವು. 1959ಕ್ಕೆ ಹಾಲಿ ಪೂರ್ತಿ ನಿಂತುಹೋಯಿತು.

ಕೆಲವು ನೋಟುಗಳ ಮೇಲೆ 1330ರ ಆಸುಪಾಸಿನ ಇಸವಿ ಇರುತ್ತದೆ, ಗಾಬರಿ ಬೇಡ. ಅದು ಫಸಲಿ ವರ್ಷ, ಅಂದ್ರೆ ನಿಜಾಮರ ಸರ್ಕಾರ ಬಳಸುತ್ತಿದ್ದ ಕಂದಾಯದ ಲೆಕ್ಕದ ಇಸವಿ. ಅದಕ್ಕೆ 590 ಸೇರಿಸಿದರೆ ನಮ್ಮ ಲೆಕ್ಕದ ಇಸವಿ ಹತ್ತಿರ ಹತ್ತಿರ ಸಿಗುತ್ತದೆ. ಎಷ್ಟಕ್ಕೆ ಹೋಗುತ್ತೆ ಅಂತ ಆಮೇಲೆ ನೋಡೋಣ, ಮೊದಲು ಒಂದು ಕೆಲಸ ಮಾಡಿ. ಈ ನೋಟು ಯಾರದ್ದು, ಅವರು ಯಾವ ಊರಲ್ಲಿ ಏನು ಮಾಡಿಕೊಂಡಿದ್ದರು, ಯಾಕೆ ಬದಲಾಯಿಸದೆ ಇಟ್ಟುಕೊಂಡರು, ಗೊತ್ತಿದ್ದಷ್ಟನ್ನು ಬೇರೆ ಕಾಗದದಲ್ಲಿ ಬರೆದು ಜೊತೆಗಿಡಿ. ನೋಟಿನ ಮೇಲೆ ಮಾತ್ರ ಬರೆಯಬೇಡಿ. ಅಂಗಡಿಯಲ್ಲಿ ಇಂಥದ್ದೇ ನೋಟು ಸಿಗಬಹುದು, ಆದ್ರೆ ಈ ವಿವರ ಎಲ್ಲೂ ಕೊಳ್ಳೋಕೆ ಸಿಗಲ್ಲ.

ಪ್ರಶ್ನೆ: 786 ಅಂತ ಕೊನೆಯಾಗುವ ನೋಟಿಗೆ ಲಕ್ಷಗಟ್ಟಲೆ ಕೊಡ್ತೀವಿ ಅಂತ ವಾಟ್ಸಾಪಿನಲ್ಲಿ ಬಂದಿದೆ. ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ. ಕಟ್ಟಲಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೊಳ್ಳುವವನು ದುಡ್ಡು ಕೊಡಬೇಕು, ಮಾರುವವರ ಹತ್ತಿರ ಕೇಳುವುದಲ್ಲ. ರಿಸರ್ವ್ ಬ್ಯಾಂಕ್ ಹೆಸರು, ಲಾಂಛನ ಹಾಕಿಕೊಂಡು ಕಮಿಷನ್, ತೆರಿಗೆ ಅಂತ ವಸೂಲಿ ಮಾಡುವವರು ಜಾಸ್ತಿ ಆಗಿ, ಈ ವ್ಯವಹಾರಕ್ಕೂ ನಮಗೂ ಸಂಬಂಧವಿಲ್ಲ, ನಾವು ಯಾರಿಂದಲೂ ಶುಲ್ಕ ಕೇಳುವುದಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟಿತು. 786 ಸಂಖ್ಯೆ ಇಷ್ಟಪಟ್ಟು ಒಂದಿಷ್ಟು ಜಾಸ್ತಿ ಕೊಡುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದ್ರೆ ಪ್ರತಿ ಸಾವಿರ ನೋಟಿಗೆ ಒಂದು ಅಂಥದ್ದು ಬರುತ್ತೆ, ಲಕ್ಷ ಎಲ್ಲಿಂದ ಬರಬೇಕು?

ಪ್ರಶ್ನೆ: ನನ್ನ ಹತ್ತಿರ ತಂದೆಯವರ ಕಾಲದ ಕ್ಯಾನ್ಸಲ್ ಆದ ಚೆಕ್ಕುಗಳ ಕಟ್ಟು ಇದೆ. ನೋಟು ಸರಿ, ಚೆಕ್ಕನ್ನೂ ಯಾರಾದ್ರೂ ಸಂಗ್ರಹಿಸ್ತಾರಾ?
– ಓದುಗರೊಬ್ಬರು, ಉಡುಪಿ

ಉತ್ತರ: ಉಡುಪಿಯಲ್ಲಿದ್ದುಕೊಂಡು ಈ ಪ್ರಶ್ನೆ ಕೇಳಿದಿರಲ್ಲ! ನಿಮ್ಮ ಜಿಲ್ಲೆ, ಪಕ್ಕದ ದಕ್ಷಿಣ ಕನ್ನಡ, ಇಷ್ಟರಲ್ಲೇ ಎಷ್ಟು ಬ್ಯಾಂಕು ಹುಟ್ಟಿದವು, ಅದರಲ್ಲಿ ಎಷ್ಟು ಈಗ ಬೋರ್ಡಿನಲ್ಲೂ ಇಲ್ಲ. ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿಗೆ ಸೇರಿತು, ಸಿಂಡಿಕೇಟ್ ಅದೇ ವರ್ಷ ಕೆನರಾಕ್ಕೆ, ವಿಜಯಾ ಬ್ಯಾಂಕ್ 2019ರಲ್ಲೇ ಬ್ಯಾಂಕ್ ಆಫ್ ಬರೋಡಾಕ್ಕೆ. ಇನ್ನು ಆ ಹೆಸರಿನ ಚೆಕ್ಕು ಯಾರೂ ಅಚ್ಚು ಹಾಕಲ್ಲ. ನೋಟು ಎಲ್ಲರಿಗೂ ಒಂದೇ, ಚೆಕ್ಕಿನಲ್ಲಾದರೆ ಒಬ್ಬರ ಕೈಬರಹ ಇರುತ್ತೆ, ಯಾರಿಗೆ ಎಷ್ಟು ಕೊಟ್ಟರು ಅಂತ ಇರುತ್ತೆ. ಅದಕ್ಕೇ ನನಗೆ ಚೆಕ್ಕಿನ ಮೇಲೆ ಒಂದು ಕೈ ಜಾಸ್ತಿ ಪ್ರೀತಿ.

ಕಟ್ಟು ಬಿಚ್ಚಿ ಬ್ಯಾಂಕಿನ ಹೆಸರನ್ನು ಅಕ್ಷರ ಬಿಡದೆ ಓದಿ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಶುರುವಾದಾಗ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’. 1906ರ ಕಾರ್ಪೊರೇಷನ್ ಬ್ಯಾಂಕು ಮೊದಲಿಗೆ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್’. ಹಳೆ ಹೆಸರು ಕಂಡರೆ ಆ ಹಾಳೆಯನ್ನು ಬೇರೆಯಾಗಿ ಎತ್ತಿಡಿ. ಮೊತ್ತ ರೂಪಾಯಿ, ಆಣೆ, ಪೈಗಳಲ್ಲಿದ್ದರೆ ಅದು ಬಹುತೇಕ 1957ರ ಏಪ್ರಿಲ್‌ಗಿಂತ ಹಿಂದಿನದು, ನಯಾ ಪೈಸೆ ಬಂದದ್ದು ಆಗಲೇ. ಚೆಕ್ಕಿನ ಮೇಲೆ ಒಂದಾಣೆ ಸ್ಟಾಂಪು ಇದ್ದರಂತೂ ಇನ್ನೂ ಹಳೇದು, ಯಾಕಂದ್ರೆ ಚೆಕ್ಕಿನ ಸ್ಟಾಂಪ್ ಸುಂಕವನ್ನು 1927ರಲ್ಲೇ ತೆಗೆದುಹಾಕಿದರು. ಒಂದು ಎಚ್ಚರ ಮಾತ್ರ ಇರಲಿ: ಈಗಲೂ ನಡೆಯುತ್ತಿರುವ ಖಾತೆಯ ಚೆಕ್ಕು, ಅದರಲ್ಲೂ ಖಾಲಿ ಹಾಳೆಯನ್ನು ಮಾರಬೇಡಿ, ಫೋಟೋ ತೆಗೆದು ಎಲ್ಲೂ ಹಾಕಬೇಡಿ.

ಪ್ರಶ್ನೆ: ಹೋಟೆಲ್ ಟೋಕನ್, ಕ್ಯಾಂಟೀನ್ ಕೂಪನ್ ಕೂಡಿಟ್ಟರೆ ಜನ ನಗ್ತಾರೆ. ಇದು ಸಂಗ್ರಹ ಅನ್ನಿಸಿಕೊಳ್ಳುತ್ತಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಖಂಡಿತ ಹೌದು. ಎರಡನೇ ಮಹಾಯುದ್ಧದಲ್ಲಿ ಚಿಲ್ಲರೆಗೆ ಬರ ಬಂದಾಗ ಬಿಕಾನೇರ್, ಮೋರ್ವಿ, ಜುನಾಗಢ ಸಂಸ್ಥಾನಗಳು ರಟ್ಟಿನ ಚೂರಿನ ಮೇಲೆ ಆಣೆ, ಪೈಸೆ ಅಚ್ಚು ಹಾಕಿ ‘ಕ್ಯಾಶ್ ಕೂಪನ್’ ಅಂತ ಹಂಚಿದವು. ಆಗ ಯುದ್ಧಕೈದಿಗಳ ಶಿಬಿರದಲ್ಲೂ ಕೂಪನ್ನೇ ದುಡ್ಡು. ನಿಜವಾದ ನೋಟು ಕೈಗೆ ಸಿಕ್ಕರೆ ಕೈದಿ ತಪ್ಪಿಸಿಕೊಂಡು ಹೋಗೋಕೆ ಅನುಕೂಲ ಅಲ್ವಾ! ಇವತ್ತು ಅವನ್ನೆಲ್ಲ ಹುಡುಕಿಕೊಂಡು ಹೋಗುವವರಿದ್ದಾರೆ. ನಿಮ್ಮ ಟೋಕನ್ನಿನ ಹಿಂದೆ ಯಾವ ಹೋಟೆಲು, ಯಾವ ವರ್ಷ ಅಂತ ಒಂದು ಚೀಟಿ ಇಡಿ, ಸಾಕು.

ಪ್ರಶ್ನೆ: 2016ರಲ್ಲಿ ರದ್ದಾದ 500, 1000ದ ನೋಟು ನೆನಪಿಗೆ ಇಟ್ಟುಕೊಳ್ಳಬಹುದಾ?
– ಓದುಗರೊಬ್ಬರು, ತುಮಕೂರು

ಉತ್ತರ: ಎರಡೂ ಸೇರಿ 10 ನೋಟಿನವರೆಗೆ ಇಟ್ಟುಕೊಳ್ಳಬಹುದು. ಅಧ್ಯಯನಕ್ಕೋ ಸಂಗ್ರಹಕ್ಕೋ ಆದರೆ 25. ಅದಕ್ಕಿಂತ ಜಾಸ್ತಿ ಇದ್ದರೆ 2017ರ ಕಾಯ್ದೆ ಪ್ರಕಾರ 10,000 ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ.

ಪ್ರಶ್ನೆ: ಮಡಚಿ ಕೊಳೆಯಾದ ನೋಟನ್ನು ತೊಳೆದು, ಇಸ್ತ್ರಿ ಮಾಡಿ, ಲ್ಯಾಮಿನೇಟ್ ಮಾಡಿಸೋಣ ಅಂತಿದ್ದೇನೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೂರೂ ಬೇಡ! ತೊಳೆದರೆ ಕಾಗದದ ಗಡಸು ಹೋಗುತ್ತದೆ, ಇಸ್ತ್ರಿ ಹಾಕಿದ್ದು ಬಲ್ಲವರ ಕಣ್ಣಿಗೆ ತಕ್ಷಣ ಬೀಳುತ್ತದೆ, ಲ್ಯಾಮಿನೇಟ್ ಮಾಡಿದ್ದನ್ನಂತೂ ಯಾರೂ ಬಿಡಿಸೋಕಾಗಲ್ಲ. ಹರಿದಿದ್ದರೆ ಸೆಲ್ಲೋಟೇಪೂ ಬೇಡ, ಅದರ ಅಂಟು ಹಳದಿ ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಎಡಗಡೆ ಎರಡು ಸಣ್ಣ ತೂತು ಕಂಡರೆ ಬೇಜಾರಾಗಬೇಡಿ. ಬ್ಯಾಂಕುಗಳು ಬಹಳ ವರ್ಷ ನೋಟಿನ ಕಟ್ಟಿಗೆ ಪಿನ್ ಹೊಡೆಯುತ್ತಿದ್ದವು, ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿ ಅಂದದ್ದು 2001ರಲ್ಲಿ. ಪಿವಿಸಿ ಹಾಳೆಯ ಆಲ್ಬಮ್ ಬಿಟ್ಟು ಪಾಲಿಯೆಸ್ಟರ್ ಕವರ್ ತಗೊಳ್ಳಿ. ಬೀರುವಿನಲ್ಲಿ ಇಡಿ, ಮಳೆಗಾಲ ಕಳೆದ ಮೇಲೆ ಒಂದು ಸಲ ತೆಗೆದು ನೋಡಿ.

ಪ್ರಶ್ನೆ: ಊರಿಗೆ ಬಂದಾಗ ತಾತನ ನೋಟುಗಳನ್ನು ಇಲ್ಲಿಗೆ ತರಬೇಕು ಅಂತಿದ್ದೇನೆ. ಅದರಲ್ಲಿ ಐದನೇ ಜಾರ್ಜ್ ಚಿತ್ರದ್ದೂ ಇದೆ. ತೊಂದರೆ ಇದೆಯಾ?
– ಓದುಗರೊಬ್ಬರು, ದುಬೈ

ಉತ್ತರ: ನೂರು ವರ್ಷ ದಾಟಿದ ಹಳೆ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರಬಹುದು, ಬಂದರೆ ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಐದನೇ ಜಾರ್ಜ್ ಚಿತ್ರದ ನೋಟು 1917ರಿಂದಲೇ ಬಂದಿವೆ, ಹಾಗಾಗಿ ನಿಮ್ಮದು ಆ ಲೆಕ್ಕಕ್ಕೆ ಸೇರಬಹುದು. ಪುರಾತತ್ವ ಇಲಾಖೆಯಲ್ಲಿ ಬರವಣಿಗೆಯಲ್ಲಿ ಕೇಳಿಕೊಂಡು, ಉತ್ತರ ಬರುವ ತನಕ ನೋಟು ತುಂಬಿದ ಸೂಟ್‌ಕೇಸ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಅಲ್ಲಿಯವರೆಗೆ ಊರಿನಲ್ಲಿ ತಮ್ಮನೋ ತಂಗಿಯೋ ಇದ್ದರೆ ಅವರ ಹತ್ತಿರವೇ ಇರಲಿ.