ಅವ್ವ ಪ್ರಭುವಿನ ಹತ್ತಿರ ಇದ್ದಾಳೆ ಎಂದು ನಂಬಿಯೂ ಅಳು ನಿಲ್ಲದಿದ್ದರೆ ಅದು ಅವಿಶ್ವಾಸವೇ?

ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ ನಿಮ್ಮ ತಾಯಿ ತೀರಿಕೊಂಡು ಏಳು ತಿಂಗಳು. ಮಾತಾಡಿಸಲು ಬಂದವರೆಲ್ಲ “ಅಳಬ್ಯಾಡ್ರಿ, ಆಕಿ ಪ್ರಭುವಿನ ಹತ್ರ ಅದಾಳ” ಅನ್ನುತ್ತಾರೆ. ನಿಮಗೆ ಅಳುವೂ ನಿಂತಿಲ್ಲ, ದೇವರ ಮೇಲಿನ ಸಿಟ್ಟೂ ಇಳಿದಿಲ್ಲ. ಹಾಗಾದರೆ ನನ್ನ ವಿಶ್ವಾಸ ಸುಳ್ಳೇ, ಪರಲೋಕದ ನಿರೀಕ್ಷೆ ದಿನದ ಬದುಕಿಗೆ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳಿದ್ದೀರಿ. ಬೆಳಗಾವಿಯ ಚಿಗವ್ವ ಕಥೋಲಿಕರ ಮನೆಗೆ ಮದುವೆಯಾದವರು, ಅಕ್ಕನ ಹೆಸರಲ್ಲಿ ಪೂಜೆ ಕೊಡಿಸುತ್ತೇನೆ ಅಂದದ್ದಕ್ಕೆ ಮನೆಯಲ್ಲಿ ಮಾತಿಗೆ ಮಾತು ಬೆಳೆದದ್ದನ್ನೂ, ಮಗ್ಗದ ಮೇಲೆ ಅರ್ಧಕ್ಕೆ ನಿಂತ ಖಣ ಹಾಗೇ ಇರುವುದನ್ನೂ ಬರೆದಿದ್ದೀರಿ.

ಅದು ಅವಿಶ್ವಾಸ ಅಲ್ಲ. ಸತ್ತವರು ಎದ್ದುಬರುತ್ತಾರೆ ಎಂಬ ನಂಬಿಕೆಯೂ ಇಂದಿನ ಅಳುವೂ ಒಂದೇ ಎದೆಯಲ್ಲಿ ಇರಬಹುದು, ಇರಬೇಕು ಎಂದೇ ನಾನು ಸತ್ಯವೇದವನ್ನು (ಬೈಬಲನ್ನು) ಓದುತ್ತೇನೆ.

ನಿಮಗೆ ಹೇಳುವವರು ಬಹುಶಃ 1 ಥೆಸಲೊನೀಕ 4:13ನ್ನು, ಅಂದರೆ ಥೆಸಲೊನೀಕದ ಕ್ರೈಸ್ತ ಸಭೆಗೆ ಅಪೊಸ್ತಲ ಪೌಲ ಬರೆದ ಮೊದಲ ಪತ್ರದ ಮಾತನ್ನು, ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ. ಆ ವಚನದ ಅರ್ಧವೇ ಎಲ್ಲರ ನಾಲಿಗೆಯ ಮೇಲಿರುತ್ತದೆ. ಪೌಲನು ‘ದುಃಖಪಡಬೇಡಿರಿ’ ಎಂದು ಬರೆದು ಅಲ್ಲಿಗೇ ನಿಲ್ಲಿಸಲಿಲ್ಲ. ನಿರೀಕ್ಷೆಯಿಲ್ಲದ ಇತರರ ಹಾಗೆ ದುಃಖಪಡಬಾರದು ಎಂದು ಬರೆದ. ದುಃಖ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡ ಮೇಲೆಯೇ ಈ ಮಾತು ಹುಟ್ಟಲು ಸಾಧ್ಯ. ಕ್ರಿ.ಶ. 50ರ ಸುಮಾರಿನ ಆ ಸಭೆಯವರಿಗೆ, ಕ್ರಿಸ್ತನು ಮತ್ತೆ ಬರುವ ಮೊದಲೇ ಸತ್ತವರ ಗತಿಯೇನು ಎಂಬ ಭಯವಿತ್ತು. ಅವರ ಭಯಕ್ಕೆ ಉತ್ತರ ಕೊಡುವುದಕ್ಕಾಗಿ ಆತ ಆ ಭಾಗವನ್ನು ಬರೆದ. ಅಳುವವರ ಬಾಯಿ ಮುಚ್ಚಿಸಲು ಅದನ್ನು ಬಳಸುವುದು ತಪ್ಪು.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನವಾಗಿದೆ. ಅಕ್ಕಂದಿರಿಬ್ಬರೂ ಯೇಸುವಿಗೆ ಹೇಳುವುದು ಒಂದೇ ಮಾತು, ‘ನೀನು ಇಲ್ಲಿದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ’ ಎಂಬುದು. ಮಾರ್ಥ ಅದನ್ನು 21ನೇ ವಚನದಲ್ಲಿ ಹೇಳುತ್ತಾಳೆ, ಮರಿಯ 32ರಲ್ಲಿ. ಅದು ದೂರು, ಅದರಲ್ಲಿ ಸಿಟ್ಟೂ ಇದೆ. ಮಾರ್ಥಳಿಗೆ ಯೇಸು ಪುನರುತ್ಥಾನದ ಮಾತು ಹೇಳಿದ. ಮರಿಯಳಿಗೆ ಆ ಮಾತು ಹೇಳಲೇ ಇಲ್ಲ, ಅತ್ತ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ತಾನೇ ಎಬ್ಬಿಸುತ್ತೇನೆ ಎಂದು ಗೊತ್ತಿದ್ದವನೇ ಅತ್ತದ್ದು. ಮುಂದೇನಾಗುತ್ತದೆ ಎಂಬುದು ಅಷ್ಟು ಖಚಿತವಾಗಿ ಗೊತ್ತಿದ್ದವನಿಗೇ ಕಣ್ಣೀರು ಬಂದಿರುವಾಗ, ನಿಮ್ಮ ಕಣ್ಣೀರಿನಿಂದ ನಿಮ್ಮ ವಿಶ್ವಾಸವನ್ನು ಅಳೆಯಲು ಯಾರಿಗೂ ಬರುವುದಿಲ್ಲ.

ಪರಲೋಕದ ಬಗ್ಗೆ ಒಂದು ವಿಷಯ ಬಿಚ್ಚಿ ಹೇಳಬೇಕು, ಗೊಂದಲ ಇಲ್ಲೇ ಶುರುವಾಗುತ್ತದೆ. ಆತ್ಮ ಮೇಲೆ ಹೋಯಿತು, ಕಥೆ ಮುಗಿಯಿತು ಎಂಬಂತೆ ನಮ್ಮಲ್ಲಿ ಮಾತಾಡುತ್ತಾರೆ. ಸಭೆ ಒಪ್ಪಿಕೊಂಡದ್ದು ಅಷ್ಟೇ ಅಲ್ಲ. ಸತ್ತ ವಿಶ್ವಾಸಿ ಕ್ರಿಸ್ತನ ಸಂಗಡ ಇದ್ದಾರೆ ಎಂಬುದಕ್ಕೆ ಲೂಕ 23:43, ಫಿಲಿಪ್ಪಿ 1:23 ಆಧಾರ. ಆದರೆ ಅದು ನಡುವಿನ ಘಟ್ಟ. ಕೊನೆಯದು ಶರೀರದ ಪುನರುತ್ಥಾನ ಮತ್ತು ಹೊಸ ಭೂಮಿ. ಆರಾಧನೆಯಲ್ಲಿ ಎದ್ದುನಿಂತು ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣ ಮುಗಿಯುವುದೇ ಶರೀರದ ಪುನರುತ್ಥಾನ ಮತ್ತು ನಿತ್ಯಜೀವ ಎಂಬಲ್ಲಿ. ಪ್ರಕಟನೆ 21ರಲ್ಲಿ ದೇವರು ಜನರ ಮಧ್ಯೆ ವಾಸಿಸಲು ಇಳಿದು ಬರುತ್ತಾನೆ, ಕಣ್ಣೀರನ್ನು ಒರಸುವುದು ಆಗ. ಒರಸುವವನು ಬರುವ ತನಕ ಕಣ್ಣೀರು ಇರುತ್ತದೆ ಎಂಬುದು ಆ ವಚನದಲ್ಲೇ ಇದೆ. ದೇಹ ಬರೀ ಕಳಚಿ ಬಿಸಾಡುವ ಬಟ್ಟೆಯಾಗಿದ್ದರೆ ನಿಮ್ಮ ತಾಯಿಯ ದನಿ, ಕೈ, ಅವರು ಕೂರುತ್ತಿದ್ದ ಜಾಗ ಇವಕ್ಕಾಗಿ ಅಳುವುದು ಸಣ್ಣತನ ಆಗುತ್ತಿತ್ತು. ದೇವರು ಆ ದೇಹವನ್ನೇ ಎಬ್ಬಿಸಲು ಮನಸ್ಸು ಮಾಡಿದ್ದಾನೆ ಎಂದಮೇಲೆ ಅದಕ್ಕಾಗಿ ಮರುಗುವುದು ಸರಿಯಾದದ್ದೇ.

ಇದರಿಂದಲೇ ಮಗ್ಗದ ಮಾತಿಗೆ ಬರುತ್ತೇನೆ. 1 ಕೊರಿಂಥ 15ನೇ ಅಧ್ಯಾಯದಲ್ಲಿ 58 ವಚನಗಳಿವೆ, ಎಲ್ಲವೂ ಸತ್ತವರು ಏಳುವ ವಿಷಯ. ಕೊನೆಯ ವಚನದಲ್ಲಿ ಪೌಲ ಮೇಲೆ ನೋಡುತ್ತಾ ಕುಳಿತುಕೊಳ್ಳಿ ಅನ್ನುವುದಿಲ್ಲ. ಕರ್ತನಲ್ಲಿ ನೀವು ಪಡುವ ಶ್ರಮ ವ್ಯರ್ಥವಲ್ಲ ಅನ್ನುತ್ತಾನೆ. ಪರಲೋಕದ ಇಡೀ ಪಾಠ ಕೈಕೆಲಸಕ್ಕೆ ಬಂದು ಇಳಿಯುತ್ತದೆ. ಹಾಸು ಹಾಕಿಯೇ ಬಿಟ್ಟ ಮಗ್ಗದಲ್ಲಿ ಧೂಳು ಕೂತು ಎಳೆಗಳು ಹರಿಯುತ್ತವೆ, ಇನ್ನೂ ಕಾಯ್ದರೆ ನೇಯಲು ಬರುವುದಿಲ್ಲ. ಓಣಿಯಲ್ಲಿ ತಾಯಿಯ ಜೊತೆ ನೇಯ್ದವರು ಯಾರಾದರೂ ಇದ್ದರೆ ಕರೆದು ಮುಗಿಸಿಕೊಡಲು ಕೇಳಿ, ಕೂಲಿ ಕೊಡಿ. ತಾಯಿ ನೇಯ್ದು ನಿಲ್ಲಿಸಿದ ಕಡೆ ಅಂಚಿನಲ್ಲಿ ಬೇರೆ ಬಣ್ಣದ ಒಂದು ಎಳೆ ಹೊಗಿಸಿ ಗುರುತು ಮಾಡಿಸಿ. ಖಣ ಇಳಿದ ಮೇಲೆ ಮೊಮ್ಮಕ್ಕಳಿಗೆ ಕುಪ್ಪಸ ಹೊಲಿಸಿ. ಪೆಟ್ಟಿಗೆಯಲ್ಲಿ ಮಡಿಚಿಡುವುದಕ್ಕಿಂತ ಇದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ತಾಯಿಯ ಸೀರೆ, ಚಾಳೀಸು, ಫೋನು ಇವನ್ನು ವಿಲೇವಾರಿ ಮಾಡಲು ಅವಸರ ಬೇಡ. ‘ಮುಂದೆ ನೋಡೋಣ’ ಎಂದು ಒಂದು ಗಂಟು ಬೇರೆ ಕಟ್ಟಿಡಿ, ವರ್ಷದ ಪ್ರಾರ್ಥನೆ ಆದಮೇಲೆ ಬಿಚ್ಚಿ.

ಇನ್ನು ಸಿಟ್ಟು. ಸತ್ಯವೇದದ ಕೀರ್ತನೆಗಳು 150, ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ದೂರು ಮತ್ತು ಗೋಳಾಟ. ದೇವರನ್ನು ಬೈಯುವ ಹಾಗಿರುವ ಮಾತುಗಳನ್ನೂ ಪ್ರಾರ್ಥನೆಯ ಪುಸ್ತಕದಲ್ಲೇ ಇಟ್ಟಿದ್ದಾರೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಪುಸ್ತಕದ ಕೊನೆಗೆ (42:7) ದೇವರು ತಪ್ಪು ಹಿಡಿದದ್ದು ದೂರು ಹೇಳಿದ ಯೋಬನನ್ನಲ್ಲ, ದೇವರ ಪರವಾಗಿ ವಾದಿಸಿದ ಗೆಳೆಯರನ್ನು.

13ನೇ ಕೀರ್ತನೆಯನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಆರೇ ವಚನ. ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂಬ ಕೇಳಿಕೆ ನಾಲ್ಕು ಸಲ, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಒಂದು ನೋಟ್‌ಬುಕ್ಕು, ಹದಿನೈದು ನಿಮಿಷ ಸಾಕು. ಮೊದಲು ಯಾರಿಗೆ ಹೇಳುತ್ತಿದ್ದೀರಿ ಎಂದು ಹೆಸರು ಹಿಡಿದು ಕರೆಯಿರಿ. ಆಮೇಲೆ ದೂರು. ಇಲ್ಲಿ ‘ಬಹಳ ಕಷ್ಟವಾಗಿದೆ’ ಎಂದು ಬರೆದರೆ ಏನೂ ಆಗುವುದಿಲ್ಲ. ‘ಆ ರಾತ್ರಿ ಅವ್ವ ನೀರು ಕೇಳಿದಾಗ ನಾನು ಔಷಧದ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ, ನೀನು ಎಲ್ಲಿದ್ದೆ?’ ಎಂಬಷ್ಟು ಗುರುತಾಗಿ ಬರೆಯಬೇಕು. ಮೂರನೆಯದು ಬೇಡಿಕೆ, ಅದೂ ಸಣ್ಣದಿರಲಿ, ಇವತ್ತಿನ ನಿದ್ದೆ, ನಾಳೆಯ ಕೆಲಸಕ್ಕೆ ಶಕ್ತಿ. ಕೊನೆಗೆ ಭರವಸೆಯ ಮಾತು ಬಂದರೆ ಬರೆಯಿರಿ, ಬಾರದಿದ್ದರೆ ಬೇಡ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದನ್ನು ಯಾರೂ ತಿದ್ದಲಿಲ್ಲ.

ಇದು ಕೆಡುವುದು ಎಲ್ಲಿ ಎಂದರೆ, ಬಹಳ ಮಂದಿ ಕೊನೆಯ ಭಾಗದಿಂದ ಶುರುಮಾಡುತ್ತಾರೆ. ‘ಸ್ತೋತ್ರ ಕರ್ತನೇ, ನಿನ್ನ ಚಿತ್ತವೇ ಒಳ್ಳೆಯದು’ ಎಂದು ಬಾಯಲ್ಲಿ ಹೇಳಿ ದೂರನ್ನು ಒಳಗೇ ನುಂಗಿಬಿಡುತ್ತಾರೆ. ನುಂಗಿದ್ದು ಎರಡು ದಿನಕ್ಕೆ ಮಕ್ಕಳ ಮೇಲೆ ರೇಗಾಟವಾಗಿ ಹೊರಬರುತ್ತದೆ. ಇನ್ನೊಂದು ತೊಂದರೆ, ಬರೆಯುತ್ತ ಬರೆಯುತ್ತ ದೇವರನ್ನು ಬಿಟ್ಟು ತನ್ನೊಂದಿಗೇ ಮಾತಾಡುವುದು. ‘ನನ್ನ ಹಣೆಬರಹ’ ಎಂಬ ಮಾತು ಬಂತೆಂದರೆ ದಾರಿ ತಪ್ಪಿದೆ ಎಂದೇ ತಿಳಿಯಿರಿ. ಪ್ರತಿ ವಾಕ್ಯದಲ್ಲೂ ‘ನೀನು’ ಇರಲಿ, ದನಿ ತೆಗೆದು ಓದಿ. ರಾತ್ರಿ ಹಾಸಿಗೆಯಲ್ಲಿ ಇದನ್ನು ಮಾಡಬೇಡಿ, ನಿದ್ದೆ ಹಾಳಾಗುತ್ತದೆ. ಸಂಜೆ ಊಟಕ್ಕೆ ಮುಂಚೆ ಒಳ್ಳೆಯ ಹೊತ್ತು. ಹದಿನೈದು ನಿಮಿಷ ಮೀರಿದರೆ ಅದೇ ಮಾತು ಸುತ್ತಿ ಸುತ್ತಿ ಬರುತ್ತದೆ, ಆದ್ದರಿಂದ ಪುಸ್ತಕ ಮುಚ್ಚಿ ಕರ್ತನ ಪ್ರಾರ್ಥನೆ ಹೇಳಿ, ಎದ್ದು ಕಾಯಿಪಲ್ಯ ಹೆಚ್ಚುವಂಥ ಯಾವುದಾದರೂ ಕೈಕೆಲಸಕ್ಕೆ ಹತ್ತಿ. ಒಂದು ವಾರ ಹಗುರಾಗಿದ್ದು ಮತ್ತೆ ಭಾರವಾದರೆ ಹೆದರಬೇಡಿ. 42 ಮತ್ತು 43ನೇ ಕೀರ್ತನೆಗಳಲ್ಲಿ ಹಾಡುವವನು ‘ನನ್ನ ಮನವೇ, ಯಾಕೆ ಕುಗ್ಗಿದ್ದೀ’ ಎಂದು ತನ್ನ ಮನಸ್ಸಿಗೆ ಮೂರು ಸಲ ಹೇಳಿಕೊಳ್ಳಬೇಕಾಯಿತು.

ದೇಹವನ್ನು ನೋಡಿಕೊಳ್ಳುವುದೂ ನಿರೀಕ್ಷೆಯ ಕೆಲಸವೇ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾಯಲು ಬಯಸಿ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ‘ಇಲ್ಲೇನು ಮಾಡುತ್ತೀ’ ಎಂಬ ಪ್ರಶ್ನೆ ಬಂದದ್ದು ಆಮೇಲೆ. ಉಪವಾಸ ಪ್ರಾರ್ಥನೆ ಮಾಡಿ ದುಃಖ ಗೆಲ್ಲು ಎಂದು ಯಾರಾದರೂ ಹೇಳಿದರೆ ಈ ಅಧ್ಯಾಯ ತೋರಿಸಿ.

ಭಾನುವಾರ ಕಷ್ಟವಾಗುತ್ತದೆ, ಅದರಲ್ಲೂ ಮಣ್ಣಿನ ದಿನ ಹಾಡಿದ ಕೀರ್ತನೆಯನ್ನೇ ಆರಾಧನೆಯಲ್ಲಿ ಎತ್ತಿಕೊಂಡರೆ. ಬಾಗಿಲ ಹತ್ತಿರದ ಬೆಂಚಿನ ತುದಿಗೆ ಕೂತುಕೊಳ್ಳಿ, ಎದ್ದು ಹೋಗಿ ಬರಲು ಸಂಕೋಚ ಬೇಡ. ಮೊದಲ ಕ್ರಿಸ್ಮಸ್‌ಗೆ ಮೊದಲೇ ತಯಾರಿ ಬೇಕು. ಕರ್ಚಿಕಾಯಿ ಈ ಸಲ ಯಾರು ಮಾಡುತ್ತಾರೆ, ಮಾಡುವುದೋ ಬೇಡವೋ, ಅವ್ವ ಕೂರುತ್ತಿದ್ದ ಜಾಗದಲ್ಲಿ ಯಾರು ಕೂರುತ್ತಾರೆ ಎಂದು ವಾರಕ್ಕೆ ಮುಂಚೆ ಮನೆಯವರೆಲ್ಲ ಕೂತು ಬಾಯಿಬಿಟ್ಟು ಮಾತಾಡಿ. ಯಾರೂ ಮಾತಾಡದೆ ಬಿಟ್ಟ ಮನೆಯಲ್ಲೇ ಹಬ್ಬದ ದಿನ ಜಗಳ ಏಳುತ್ತದೆ. ಈಸ್ಟರ್ ನಸುಕಿನಲ್ಲಿ ಸಮಾಧಿ ಜಾಗದಲ್ಲಿ ಕೂಡಿ ಪ್ರಾರ್ಥನೆ ಮಾಡುವ ರೂಢಿ ಅನೇಕ ಸಭೆಗಳಲ್ಲಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ 1851ರಲ್ಲಿ ಕೇಂದ್ರ ತೆರೆದ ಊರು ನಿಮ್ಮ ಗುಳೇದಗುಡ್ಡ, ಹಳೆಯ ಗೋರಿಗಳ ನಡುವೆ ನಿಂತು ‘ಕ್ರಿಸ್ತನು ಎದ್ದಿದ್ದಾನೆ’ ಎನ್ನುವಾಗ ಆ ಮಾತಿನ ತೂಕ ಬೇರೆ. ಸಾಧ್ಯವಾದರೆ ನೀವೀಗ ಇರುವ ಬಾಗಲಕೋಟೆಯಿಂದ ಹಿಂದಿನ ದಿನವೇ ಹೋಗಿ ಗೋರಿ ತೊಳೆದು ಬನ್ನಿ.

ಮಕ್ಕಳಿಗೆ ‘ಅಜ್ಜಿ ಮಲಗ್ಯಾಳ’ ಅನ್ನಬೇಡಿ, ಸಣ್ಣವರು ತಾವು ಮಲಗಲು ಹೆದರುತ್ತಾರೆ. ‘ದೇವರಿಗೆ ಇಷ್ಟವಾಗಿ ಕರೆದುಕೊಂಡ’ ಎಂದರೆ ಮುಂದೆ ಅವ್ವನನ್ನೋ ಅಪ್ಪನನ್ನೋ ಕರೆದುಕೊಂಡಾನು ಎಂಬ ಭಯ ಹೊಕ್ಕುತ್ತದೆ. ಅಜ್ಜಿ ಸತ್ತಳು, ಅವಳ ದೇಹಕ್ಕೆ ಈಗ ನೋವಿಲ್ಲ, ಅವಳನ್ನು ಯೇಸು ಕಾಯುತ್ತಾನೆ, ಒಂದು ದಿನ ಎಬ್ಬಿಸುತ್ತಾನೆ, ನಮಗೆ ಈಗ ಅವಳ ನೆನಪಾಗಿ ಅಳು ಬರುತ್ತದೆ. ಇಷ್ಟು ಸಾಕು.

ಚಿಗವ್ವನ ವಿಷಯ. ಸತ್ತವರಿಗಾಗಿ ಪ್ರಾರ್ಥಿಸುವುದು ಕಥೋಲಿಕರ ನಂಬಿಕೆಯ ಭಾಗ. ಅದಕ್ಕೆ ಅವರು 2 ಮಕ್ಕಬಿಯ 12ನೇ ಅಧ್ಯಾಯವನ್ನು ಆಧಾರ ಹಿಡಿಯುತ್ತಾರೆ, ಆ ಪುಸ್ತಕ ನಮ್ಮ ಪ್ರೊಟೆಸ್ಟಂಟರ ಸತ್ಯವೇದದಲ್ಲಿಲ್ಲ. ನವೆಂಬರ್ 2ರಂದು ಎಲ್ಲ ಮೃತರನ್ನೂ ಅವರು ಪೂಜೆಯಲ್ಲಿ ನೆನೆಯುತ್ತಾರೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅಂಥ ಸಭೆಗಳಲ್ಲಿ ಸತ್ತವರಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸುತ್ತೇವೆ, ಅವರ ಗತಿ ಬದಲಿಸಲೆಂದು ಬೇಡುವುದಿಲ್ಲ. ಭೇದ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅಕ್ಕನನ್ನು ಕಳೆದುಕೊಂಡ ತಂಗಿ ತನಗೆ ಗೊತ್ತಿದ್ದ ರೀತಿಯಲ್ಲಿ ಪ್ರೀತಿ ತೋರಿಸುತ್ತಿದ್ದಾಳೆ. “ಚಿಗವ್ವ, ನೀ ಪೂಜಿ ಕೊಡಸು, ನಾವೂ ಬಂದು ಕೂಡ್ತೀವಿ” ಎಂದು ಬೆಳಗಾವಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದರೆ ನಿಮ್ಮ ಸಿದ್ಧಾಂತಕ್ಕೆ ಏನೂ ಕೊರತೆಯಾಗುವುದಿಲ್ಲ.

ಒಂದು ಮಾತನ್ನು ಮಾತ್ರ ಸಹಿಸಬೇಡಿ. ಮನೆಯವರ ಪಾಪದಿಂದ, ಅಪನಂಬಿಕೆಯಿಂದ ತಾಯಿ ಸತ್ತರು ಎಂದು ಯಾವುದೇ ಪ್ರಾರ್ಥನಾ ಕೂಟದವರು ಹೇಳಿದರೆ ಎದ್ದು ಬನ್ನಿ. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೇ ಎಂದು ಯೇಸುವೇ ಕೇಳಿ, ಅಲ್ಲ ಎಂದು ತಾನೇ ಉತ್ತರ ಕೊಟ್ಟಿದ್ದಾನೆ (ಲೂಕ 13:4-5).

ಏಳು ತಿಂಗಳಿಗೂ ಅಳು ಬರುವುದು ಕಾಯಿಲೆ ಅಲ್ಲ. ಆದರೆ ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಎರಡೂ ಕೆಟ್ಟಿದ್ದರೆ, ಸ್ನಾನ, ಕೆಲಸ ಯಾವುದಕ್ಕೂ ಏಳಲಾಗದಿದ್ದರೆ ವೈದ್ಯರಿಗೆ ತೋರಿಸಿ. ‘ನಾನೂ ಅವ್ವನ ಹತ್ತಿರ ಹೋಗಿಬಿಡಬೇಕು’ ಎಂಬ ಯೋಚನೆ ಬಂದರಂತೂ ಅದನ್ನು ಪರಲೋಕದ ಆಸೆ ಎಂದು ತಪ್ಪು ತಿಳಿಯದೆ ಆ ಹೊತ್ತಿಗೇ ಮನೆಯವರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಔಷಧ ತೆಗೆದುಕೊಳ್ಳುವುದು ಎಲೀಯ ರೊಟ್ಟಿ ತಿಂದಷ್ಟೇ ಸಹಜ.

ಉಳಿದದ್ದು, ‘ಅಳಬ್ಯಾಡ್ರಿ’ ಅನ್ನುವ ನೆಂಟರು. ಅವರಿಗೆ ನಿಮ್ಮ ಮೇಲೆ ಕನಿಕರವಿದೆ, ಏನು ಹೇಳಬೇಕೆಂದು ತೋಚುವುದಿಲ್ಲ, ಅಷ್ಟೇ. ಯೋಬನ ಗೆಳೆಯರು ಏಳು ದಿನ ಸುಮ್ಮನೆ ಜೊತೆಗೆ ಕೂತದ್ದೇ ಅವರು ಮಾಡಿದ ಒಳ್ಳೆಯ ಕೆಲಸ. ವಾದಕ್ಕೆ ಇಳಿಯಬೇಡಿ, ಅವರ ಕೈಗೆ ಬೇರೆ ಕೆಲಸ ಕೊಡಿ. “ಕಾಕಾ, ಅವ್ವ ಸಣ್ಣಾಕಿ ಇದ್ದಾಗ ಹೆಂಗಿದ್ಲು, ನಿಮಗ ನೆನಪಿದ್ದದ್ದು ಒಂದು ಹೇಳ್ರಿ” ಎಂದು ಕೇಳಿ. ಹೇಳುತ್ತ ಹೇಳುತ್ತ ಅವರಿಗೇ ಅಳು ಬಂದರೆ ನೀವೂ ಅಳಿ, ಆಮೇಲೆ ಚಹಾ ಇಡಿ.